ಶಿಕಾಗೋದಲ್ಲಿ ಹುಡುಗನಿಗೆ ಗುಂಡು, ಹೊಡೆದವರು ನಾಪತ್ತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕಾಗೋ ಸುತ್ತಮುತ್ತ ಕನ್ನಡಿಗರು ಸಾಕಷ್ಟಿದ್ದಾರೆ. ವಿದ್ಯಾರಣ್ಯ ಕನ್ನಡ ಕೂಟ ಅಲ್ಲಿ ದಶಕಗಳಿಂದ ನಡೆಯುತ್ತಿದೆ. ಓದಲು, ಕೆಲಸಕ್ಕೆ ಅಂತ ಹೋಗುವ ಮಕ್ಕಳೂ ಕಡಿಮೆ ಇಲ್ಲ. ಹಾಗಾಗಿ ಆ ಊರಿನ ದಕ್ಷಿಣ ಭಾಗದಲ್ಲೋ ಪಶ್ಚಿಮ ಭಾಗದಲ್ಲೋ ಹದಿನೈದು ಹದಿನಾರರ ಹುಡುಗನೊಬ್ಬ ಗುಂಡೇಟಿಗೆ ಸತ್ತ ಸುದ್ದಿ ಬಂದಾಗ ಅದೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಉತ್ತರಗಳೆಲ್ಲ ಒಂದೇ ಕಡೆ ಸಿಗಲಿ ಅಂತ ಇದನ್ನು ಬರೆದಿದ್ದೇನೆ. ಇದು ಯಾವುದೋ ಒಂದು ಕೇಸಿನ ಕಥೆಯಲ್ಲ. ಇಂಥ ಕೇಸುಗಳು ಹೇಗೆ ನಡೆಯುತ್ತವೆ, ಎಲ್ಲಿ ನಿಂತುಹೋಗುತ್ತವೆ ಅನ್ನುವುದರ ಬಗ್ಗೆ.

ನಡುಬೀದಿಯಲ್ಲಿ, ಹಗಲಿನಲ್ಲೇ ಗುಂಡು ಹೊಡೆದರೂ ಯಾರೂ ಸಿಕ್ಕಿಬೀಳಲ್ಲ ಅಂದ್ರೆ ಹೇಗೆ?

ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಯಾರು ಅನ್ನುವುದೇ ರಹಸ್ಯ. ಇಲ್ಲಿ ಬಹಳಷ್ಟು ಸಲ ಅದು ರಹಸ್ಯವೇ ಅಲ್ಲ. ಓಣಿಯ ಅರ್ಧ ಜನಕ್ಕೆ ಹೆಸರು ಗೊತ್ತಿರುತ್ತದೆ. ಕೇಸು ನೋಡುವ ಡಿಟೆಕ್ಟಿವ್‌ಗೂ ಅಂದಾಜಿರುತ್ತದೆ. ಕೆಲವು ಸಲ ತಾಯಿಗೂ ಯಾರೋ ಬಂದು ಕಿವಿಯಲ್ಲಿ ಹೇಳಿ ಹೋಗಿರುತ್ತಾರೆ. ಆದರೆ ಗೊತ್ತಿರುವುದು ಬೇರೆ, ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿ ಬೇರೆ. ಈ ಎರಡರ ನಡುವಿನ ಅಂತರದಲ್ಲೇ ಹೆಚ್ಚಿನ ಕೇಸುಗಳು ಬಿದ್ದುಹೋಗುತ್ತವೆ.

ಲೆಕ್ಕ ಬೇಕು ಅಂದರೆ, 1960ರ ದಶಕದ ಆರಂಭದಲ್ಲಿ ಅಮೆರಿಕದ ಪೊಲೀಸರು ನೂರು ಕೊಲೆಗಳಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಬಗೆಹರಿಸಿದ್ದೇವೆ ಅಂತ ವರದಿ ಕೊಡುತ್ತಿದ್ದರು. 2020ರ ನಂತರದ ಕೆಲವು ವರ್ಷ ಅದು ಐವತ್ತರ ಆಸುಪಾಸಿಗೆ ಇಳಿಯಿತು. ಹಳೆಯ ಲೆಕ್ಕವನ್ನು ಪೂರ್ತಿ ನಂಬಬೇಕಿಲ್ಲ. ಕೈಗೆ ಸಿಕ್ಕವನನ್ನು ಹಿಡಿದು ತಂದು ತಪ್ಪು ಒಪ್ಪಿಸುವ ಕಾಲವೂ ಅದೇ. ಬಂಧಿಸಿದವನಿಗೆ ಅವನ ಹಕ್ಕುಗಳನ್ನು ಓದಿ ಹೇಳಬೇಕು ಅನ್ನುವ ಮಿರಾಂಡಾ ತೀರ್ಪು ಬಂದದ್ದೇ 1966ರಲ್ಲಿ.

ಶಿಕಾಗೋದ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. 2016ರಲ್ಲಿ ಅಲ್ಲಿ 750ಕ್ಕೂ ಹೆಚ್ಚು ಕೊಲೆಗಳಾದವು. ಆ ವರ್ಷ ಬಗೆಹರಿದದ್ದು ಸುಮಾರು ಕಾಲು ಭಾಗ ಮಾತ್ರ. ಗುಂಡೇಟು ತಿಂದು ಬದುಕಿದವರ ಕೇಸುಗಳಲ್ಲಂತೂ ನೂರಕ್ಕೆ ಐದರ ಆಸುಪಾಸು. ಕಾಲಿಗೆ ಗುಂಡು ಬಿದ್ದು ಬದುಕಿದವನ ಕೇಸನ್ನು ಹೆಚ್ಚುಕಮ್ಮಿ ಯಾರೂ ಬೆನ್ನು ಹತ್ತುತ್ತಿರಲಿಲ್ಲ. ಅವತ್ತು ಹೊಡೆದವನು ಹೊರಗೇ ಉಳಿದ. ಮುಂದಿನ ಸಲ ಅವನ ಗುರಿ ತಪ್ಪಲಿಲ್ಲ ಅಂದರೆ ಅದು ಕೊಲೆ ಕೇಸು.

ಶಿಕಾಗೋ ಪೂರ್ತಿ ಹೀಗೇನಾ?

ಇಲ್ಲ. ಆ ನಗರದಲ್ಲಿ ಸುಮಾರು 27 ಲಕ್ಷ ಜನ, 77 ಪ್ರದೇಶಗಳಿವೆ. ಇಂಗಲ್‌ವುಡ್, ಆಸ್ಟಿನ್, ನಾರ್ತ್ ಲಾನ್‌ಡೇಲ್, ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್, ಆಬರ್ನ್ ಗ್ರೆಷಮ್, ಇಂಥ ಕೆಲವು ಕಡೆ ಗುಂಡಿನ ದಾಳಿಗಳು ಗುಂಪುಗೂಡಿರುತ್ತವೆ. ಉತ್ತರದ ಲಿಂಕನ್ ಪಾರ್ಕ್‌ನಲ್ಲಿ ಇರುವವರಿಗೆ ಅದು ಟಿವಿಯಲ್ಲಿ ಬರುವ ಸುದ್ದಿ ಅಷ್ಟೇ. ಇಂಗಲ್‌ವುಡ್ ಒಳಗೂ ಎಲ್ಲ ಬೀದಿ ಒಂದೇ ತರ ಇಲ್ಲ. ಒಂದು ಮೂಲೆಯಲ್ಲಿ ವರ್ಷಕ್ಕೆ ಹತ್ತು ಸಲ ಗುಂಡು ಹಾರಿದರೆ, ಎರಡು ಬೀದಿ ಆಚೆ ಅಜ್ಜಿಯರು ಜಗಲಿಯಲ್ಲಿ ಕೂತು ಹೂಗಿಡ ನೋಡಿಕೊಳ್ಳುತ್ತಿರುತ್ತಾರೆ.

ಗ್ಯಾಂಗ್ ಅಂದ್ರೆ ನಮ್ಮ ಸಿನಿಮಾದ ಭೂಗತ ಲೋಕದ ಹಾಗಾ? ಡಾನ್, ಅವನ ಕೆಳಗೆ ಹುಡುಗರು?

ಒಂದು ಕಾಲಕ್ಕೆ ಹೆಚ್ಚುಕಮ್ಮಿ ಹಾಗೇ ಇತ್ತು. ವೈಸ್ ಲಾರ್ಡ್ಸ್ ಅನ್ನುವ ಗ್ಯಾಂಗ್ ಹುಟ್ಟಿದ್ದು 1950ರ ದಶಕದ ಕೊನೆಯಲ್ಲಿ, ಹುಡುಗರನ್ನು ಸುಧಾರಿಸಬೇಕಾದ ಸರ್ಕಾರಿ ಬಂದೀಖಾನೆಯೊಂದರಲ್ಲಿ! ಬ್ಲ್ಯಾಕ್ ಪಿ ಸ್ಟೋನ್ಸ್, ಗ್ಯಾಂಗ್‌ಸ್ಟರ್ ಡಿಸೈಪಲ್ಸ್, ಲ್ಯಾಟಿನ್ ಕಿಂಗ್ಸ್ ಇವೆಲ್ಲ ದೊಡ್ಡ ಹೆಸರುಗಳು. ಡಿಸೈಪಲ್ಸ್ ಮುಖಂಡ ಲ್ಯಾರಿ ಹೂವರ್ 1973ರಿಂದ ಜೈಲಿನಲ್ಲಿದ್ದುಕೊಂಡೇ ಸಾವಿರಾರು ಜನರ ಗ್ಯಾಂಗ್ ನಡೆಸಿದ ಅನ್ನುವುದು ಸರ್ಕಾರದ ಆರೋಪ. 1997ರಲ್ಲಿ ಅದೇ ಆರೋಪದ ಮೇಲೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕೋರ್ಟಿನಲ್ಲೂ ಅವನಿಗೆ ಶಿಕ್ಷೆಯಾಯಿತು.

ಆಮೇಲೆ ಎರಡು ಸಂಗತಿ ನಡೆದವು. ಒಂದು, ಮುಖಂಡರೆಲ್ಲ ದೂರದ ಫೆಡರಲ್ ಜೈಲುಗಳಿಗೆ ಹೋದರು. ಎರಡು, ಬಡವರಿಗೆ ಕಟ್ಟಿದ್ದ ಸರ್ಕಾರಿ ಬಹುಮಹಡಿ ಕಟ್ಟಡಗಳನ್ನು ಒಡೆದು ಹಾಕಿದರು. ಸ್ಟೇಟ್ ಸ್ಟ್ರೀಟ್ ಉದ್ದಕ್ಕೂ ಸಾಲಾಗಿ ನಿಂತಿದ್ದ ರಾಬರ್ಟ್ ಟೇಲರ್ ಹೋಮ್ಸ್‌ನ 28 ಕಟ್ಟಡಗಳೂ 2007ರ ಹೊತ್ತಿಗೆ ನೆಲಸಮ. ನಮ್ಮ ಹುಡುಗರು ಎಂ.ಎಸ್. ಮಾಡಲು ಹೋಗುವ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆಯಲ್ಲ, ಅದೇ ರಸ್ತೆಯಲ್ಲಿ ಸ್ವಲ್ಪ ದಕ್ಷಿಣಕ್ಕೆ ಹೋದರೆ ಆ ಜಾಗ. ಅಲ್ಲಿದ್ದ ಸಂಸಾರಗಳು ಚೆಲ್ಲಾಪಿಲ್ಲಿಯಾಗಿ ಬೇರೆ ಬೇರೆ ಓಣಿಗಳಿಗೆ ಹೋದವು. ಒಂದು ಗ್ಯಾಂಗಿನ ಹುಡುಗರು ಇನ್ನೊಂದು ಗ್ಯಾಂಗಿನ ಬೀದಿಯಲ್ಲಿ ಬಾಡಿಗೆಗೆ ಬಂದು ಕೂತರು.

ಈಗ ಉಳಿದಿರುವುದು ಬೀದಿಗೊಂದು ಗುಂಪು. ಹತ್ತೋ ಇಪ್ಪತ್ತೋ ಹುಡುಗರು, ಸತ್ತ ಗೆಳೆಯನ ಹೆಸರನ್ನೇ ಗುಂಪಿಗೆ ಇಟ್ಟುಕೊಂಡವರು. ಮೇಲೆ ಕೂತು ಹೊಡಿ, ಬಿಡು ಅಂತ ಹೇಳುವ ಹಿರಿಯ ಯಾರೂ ಇಲ್ಲ. ಜಗಳಕ್ಕೆ ಡ್ರಗ್ಸ್ ವ್ಯಾಪಾರವೇ ಬೇಕಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಸತ್ತವನನ್ನು ಆಡಿಕೊಂಡು ಒಂದು ಸಾಲು ಹಾಕಿದರೆ ಸಾಕು. ಇದರಿಂದ ತನಿಖೆಯೂ ಕಷ್ಟವಾಯಿತು. ಹಿಂದೆ ಒಂದು ಕೊಲೆ ಆದರೆ ಯಾವ ಗ್ಯಾಂಗು, ಯಾರ ಅಪ್ಪಣೆ ಅನ್ನುವುದು ಪೊಲೀಸರಿಗೆ ಬೇಗ ತಿಳಿಯುತ್ತಿತ್ತು. ಈಗ ಈ ಗುಂಪುಗಳ ನಕ್ಷೆ ಬರೆದು ಮುಗಿಸುವಷ್ಟರಲ್ಲಿ ಗುಂಪುಗಳೇ ಬದಲಾಗಿರುತ್ತವೆ.

ಸತ್ತ ಹುಡುಗನೂ ಗ್ಯಾಂಗಿನವನೇ ಇರಬೇಕಲ್ವಾ? ಸುಮ್ನೆ ಯಾಕೆ ಹೊಡೀತಾರೆ?

ಈ ಪ್ರಶ್ನೆ ಕೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಆದರೆ ಕೇಳುವವರು ತುಂಬಾ ಜನ, ಅದಕ್ಕೇ ಉತ್ತರಿಸುತ್ತೇನೆ.

ಹದಿಯಾ ಪೆಂಡಲ್ಟನ್‌ಗೆ 15 ವರ್ಷ. 2013ರ ಜನವರಿಯಲ್ಲಿ ಒಬಾಮ ಎರಡನೇ ಸಲ ಅಧಿಕಾರ ವಹಿಸಿಕೊಂಡ ಸಮಾರಂಭದ ಕಾರ್ಯಕ್ರಮಗಳಲ್ಲಿ ತನ್ನ ಶಾಲೆಯ ತಂಡದ ಜೊತೆ ಹೆಜ್ಜೆ ಹಾಕಿ ಬಂದಿದ್ದಳು. ಅದಾಗಿ ಒಂದು ವಾರಕ್ಕೆ, ಜನವರಿ 29ರಂದು, ಪರೀಕ್ಷೆ ಮುಗಿಸಿ ಗೆಳತಿಯರ ಜೊತೆ ಪಾರ್ಕಿನಲ್ಲಿ ಮಳೆಗೆ ಆಸರೆ ಪಡೆದು ನಿಂತಿದ್ದಾಗ ಬೆನ್ನಿಗೆ ಗುಂಡು ಬಿತ್ತು. ವಿರೋಧಿ ಗುಂಪಿನವರು ನಿಂತಿದ್ದಾರೆ ಅಂದುಕೊಂಡು ಹೊಡೆದರು ಅಂತ ಪೊಲೀಸರು ಹೇಳಿದರು. ಬೇಟೆಗಾರರು ಕಾಡಿನಲ್ಲಿ ಕಿತ್ತಳೆ ಬಣ್ಣ ಹಾಕಿಕೊಳ್ಳುವುದು ಇನ್ನೊಬ್ಬ ಬೇಟೆಗಾರ ತಪ್ಪಿ ಹೊಡೆಯದಿರಲಿ ಅಂತ. ಅವಳ ಗೆಳತಿಯರು ಅದೇ ಬಣ್ಣ ಆರಿಸಿಕೊಂಡರು. ಈಗ ಪ್ರತಿ ವರ್ಷ ಜೂನ್ ಮೊದಲ ಶುಕ್ರವಾರ ಅಮೆರಿಕದಲ್ಲಿ ಲಕ್ಷಾಂತರ ಜನ ಕಿತ್ತಳೆ ಉಡುಪು ಹಾಕುವುದು ಅಲ್ಲಿಂದ ಶುರುವಾಯಿತು.

ಇನ್ನು ‘ಗ್ಯಾಂಗಿನವನು’ ಅನ್ನುವ ಹಣೆಪಟ್ಟಿ. ಶಿಕಾಗೋ ಪೊಲೀಸರು ಇಟ್ಟಿದ್ದ ಗ್ಯಾಂಗ್ ಪಟ್ಟಿಯನ್ನು ನಗರಾಡಳಿತದ ಮೇಲೆ ನಿಗಾ ಇಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2019ರಲ್ಲಿ ಪರಿಶೀಲಿಸಿತು. ಅದರಲ್ಲಿ ಸುಮಾರು 1.34 ಲಕ್ಷ ಹೆಸರಿದ್ದವು. ಸುಮಾರು 95 ಶೇಕಡಾ ಕಪ್ಪು ಅಥವಾ ಲ್ಯಾಟಿನೊ ಜನ. ಹೆಸರು ಯಾಕೆ ಸೇರಿತು ಅನ್ನುವುದಕ್ಕೆ ಎಷ್ಟೋ ಕಡೆ ಸರಿಯಾದ ಕಾರಣವೇ ಬರೆದಿರಲಿಲ್ಲ. ಸೇರಿದ ಹೆಸರು ತೆಗೆಸುವ ದಾರಿಯೂ ಇರಲಿಲ್ಲ. ಕೊನೆಗೆ 2023ರಲ್ಲಿ ಆ ವ್ಯವಸ್ಥೆಯನ್ನು ಕೈಬಿಟ್ಟರು.

ಹಾಗಂತ ಗ್ಯಾಂಗಿಗೂ ಸಾವಿಗೂ ಸಂಬಂಧವೇ ಇಲ್ಲ ಅಂತಲ್ಲ. ಆಂಡ್ರ್ಯೂ ಪಾಪಕ್ರಿಸ್ಟೋಸ್ ಅನ್ನುವ ಸಮಾಜಶಾಸ್ತ್ರಜ್ಞರು ಶಿಕಾಗೋದಲ್ಲಿ ಯಾರು ಯಾರ ಜೊತೆ ಬಂಧನಕ್ಕೊಳಗಾಗಿದ್ದರು ಅನ್ನುವ ದಾಖಲೆ ಜೋಡಿಸಿ ನೋಡಿದರು. ಗುಂಡೇಟು ತಿಂದು ಬದುಕಿದವರಲ್ಲಿ 70 ಶೇಕಡಾ ಮಂದಿ ನಗರದ ಜನಸಂಖ್ಯೆಯ 6 ಶೇಕಡಾಕ್ಕಿಂತ ಚಿಕ್ಕದಾದ ಒಂದು ಸಂಪರ್ಕಜಾಲದೊಳಗೆ ಇದ್ದರು. ಅಂದರೆ ನೀನು ಏನು ಮಾಡಿದ್ದೀಯ ಅನ್ನುವುದಕ್ಕಿಂತ ನಿನಗೆ ಯಾರು ಗೊತ್ತು ಅನ್ನುವುದು ಜೀವಕ್ಕೆ ಅಪಾಯ. ಅಣ್ಣ ಒಂದು ಗುಂಪಿನಲ್ಲಿದ್ದರೆ ಏನೂ ಮಾಡದ ತಮ್ಮನೂ ಆ ಲೆಕ್ಕಕ್ಕೆ ಸೇರಿಬಿಡುತ್ತಾನೆ.

ಸತ್ತವನು ಗ್ಯಾಂಗಿನವನೇ ಆಗಿದ್ದರೂ ಹದಿನಾರು ವರ್ಷದ ಹುಡುಗನ ಕೊಲೆ ಕೊಲೆಯೇ.

ಗುಂಡು ಹಾರಿದ ಮೇಲೆ ಮೊದಲ ಗಂಟೆಯಲ್ಲಿ ಏನೇನಾಗುತ್ತೆ?

ಮೊದಲು ಬರುವುದು ಆ ಪ್ರದೇಶದ ಗಸ್ತಿನ ಪೊಲೀಸರು. ಹಳದಿ ಟೇಪು ಕಟ್ಟುತ್ತಾರೆ, ಅದರೊಳಗೆ ಇನ್ನೊಂದು ಕೆಂಪು ಟೇಪು. ಕೆಂಪು ಟೇಪು ದಾಟಿ ಹೋಗಲು ಪೊಲೀಸರಿಗೂ ಕಾರಣ ಬೇಕು. ರಸ್ತೆ ಮೇಲೆ ಬಿದ್ದ ಖಾಲಿ ಕಾಟ್ರಿಜ್‌ಗಳ ಪಕ್ಕ ನಂಬರ್ ಬರೆದ ಪುಟ್ಟ ಫಲಕ ಇಡುತ್ತಾ ಹೋಗುತ್ತಾರೆ. ಪಿಸ್ತೂಲಿಗೆ ‘ಸ್ವಿಚ್’ ಅನ್ನುವ ಉಗುರಿನಷ್ಟು ದೊಡ್ಡ ತುಂಡು ಸಿಕ್ಕಿಸಿದ್ದರೆ ಅದು ಮೆಷಿನ್‌ಗನ್ ಆಗಿಬಿಡುತ್ತದೆ. ಆಗ ಫಲಕಗಳ ಸಂಖ್ಯೆ ಮೂವತ್ತು ನಲವತ್ತಕ್ಕೂ ಹೋಗುತ್ತದೆ. ಸುದ್ದಿ ತಿಳಿದು ಓಡಿಬಂದ ಮನೆಯವರು ಟೇಪಿನಾಚೆ ನಿಲ್ಲಬೇಕು. ಹುಡುಗ ಅಲ್ಲೇ ಸತ್ತಿದ್ದರೆ ಗಂಟೆಗಟ್ಟಲೆ ಹೆಣ ಮುಟ್ಟಲೂ ಬಿಡುವುದಿಲ್ಲ. ತನಿಖೆಯ ದೃಷ್ಟಿಯಿಂದ ಅದು ಸರಿ. ಆದರೆ ತಾಯಿ ಪೊಲೀಸರನ್ನು ದ್ವೇಷಿಸಲು ಶುರುಮಾಡುವುದೂ ಎಷ್ಟೋ ಸಲ ಅಲ್ಲೇ.

ಈ ಹೊತ್ತಿನಲ್ಲೇ ಒಂದಿಬ್ಬರು ಪೊಲೀಸರು ಮನೆಮನೆ ಬಾಗಿಲು ತಟ್ಟುತ್ತಾರೆ. ಎಲ್ಲರೂ ನೋಡುತ್ತಿರುವಾಗ ಯಾವ ಮನೆಯ ಬಾಗಿಲು ಎಷ್ಟು ಹೊತ್ತು ತೆರೆದಿತ್ತು ಅನ್ನುವುದನ್ನು ಓಣಿಯೂ ನೋಡುತ್ತಿರುತ್ತದೆ. ಬುದ್ಧಿವಂತ ಡಿಟೆಕ್ಟಿವ್ ಎಲ್ಲ ಮನೆಯಲ್ಲೂ ಒಂದೇ ಸಮ ಹೊತ್ತು ನಿಂತು, ಕಾರ್ಡ್ ಕೊಟ್ಟು ಹೋಗಿ, ಆಮೇಲೆ ಫೋನಿನಲ್ಲಿ ಮಾತಾಡುತ್ತಾನೆ.

ಆಂಬುಲೆನ್ಸ್, ಆಸ್ಪತ್ರೆ ಎಲ್ಲ ಚೆನ್ನಾಗಿರೋ ದೇಶ ಅಲ್ವಾ?

ಅಲ್ಲೂ ಒಂದು ಕಥೆ ಇದೆ. ಡೇಮಿಯನ್ ಟರ್ನರ್ ಅನ್ನುವ 18 ವರ್ಷದ ಯುವ ಕಾರ್ಯಕರ್ತ 2010ರ ಆಗಸ್ಟಿನಲ್ಲಿ ವುಡ್‌ಲಾನ್ ಪ್ರದೇಶದಲ್ಲಿ ಯಾರಿಗೋ ಹೊಡೆದ ಗುಂಡು ತಗುಲಿ ಬಿದ್ದ. ಕೆಲವೇ ಬೀದಿಗಳಾಚೆ ಶಿಕಾಗೋ ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರೆ. ಆದರೆ ಅಲ್ಲಿ ದೊಡ್ಡವರ ಟ್ರಾಮಾ ಘಟಕವನ್ನು (ಗುಂಡೇಟಿನಂಥ ತೀವ್ರ ಗಾಯಗಳಿಗೆ ಚಿಕಿತ್ಸೆ ಕೊಡುವ ವಿಭಾಗ) 1988ರಲ್ಲೇ ಮುಚ್ಚಿದ್ದರು. ಮಕ್ಕಳ ಘಟಕ ಇತ್ತು, ಇವನಿಗೆ ವಯಸ್ಸು ಮೀರಿತ್ತು. ಆಂಬುಲೆನ್ಸ್ ಅವನನ್ನು ಹದಿನೈದು ಕಿಲೋಮೀಟರ್ ಆಸುಪಾಸಿನ ದೂರದ ಇನ್ನೊಂದು ಆಸ್ಪತ್ರೆಗೆ ಕೊಂಡೊಯ್ಯಿತು. ಅವನು ಬದುಕಲಿಲ್ಲ.

ಅವನೇ ಸೇರಿ ಕಟ್ಟಿದ್ದ ಯುವಕರ ಸಂಘ ಬೀದಿಗಿಳಿಯಿತು. ಧರಣಿ, ಬಂಧನ, ಮತ್ತೆ ಧರಣಿ. 2018ರ ಮೇ 1ರಂದು ಆ ಆಸ್ಪತ್ರೆಯಲ್ಲಿ ದೊಡ್ಡವರ ಟ್ರಾಮಾ ಕೇಂದ್ರ ಬಾಗಿಲು ತೆರೆಯಿತು. ಎಂಟು ವರ್ಷ ಹಿಡಿಯಿತು, ಆದರೂ ಹುಡುಗರು ಗೆದ್ದರು. ಈ ಕೆಟ್ಟ ಸುದ್ದಿಗಳ ನಡುವೆ ನನಗೆ ಇಷ್ಟವಾದ ಒಂದು ಸಂಗತಿ ಇದು.

ಕಣ್ಣಾರೆ ಕಂಡವರು ಯಾಕೆ ಬಾಯಿ ಬಿಡಲ್ಲ? ಸ್ವಂತ ಓಣಿಯ ಹುಡುಗ ಸತ್ತಿರೋದು!

‘ಚಾಡಿಕೋರ ಆಗಬಾರದು ಅನ್ನೋದು ಅವರ ಸಂಸ್ಕೃತಿ’ ಅಂತ ಒಂದು ಸಿದ್ಧ ಉತ್ತರ ಇದೆ. ಇದು ಸೋಮಾರಿ ಉತ್ತರ. ನೀವೇ ಆ ಓಣಿಯಲ್ಲಿ ಇದ್ದೀರಿ ಅಂದುಕೊಳ್ಳಿ.

ಎರಡನೇ ಮಹಡಿಯ ಕಿಟಕಿಯಿಂದ ನೋಡಿದ್ದೀರಿ. ಹೊಡೆದವನು ನಾಲ್ಕನೇ ಮನೆಯವನು. ಅವನ ತಾಯಿ ನಿಮಗೆ ಪರಿಚಯ, ನಿಮ್ಮ ಮಗಳು ಅವನ ತಂಗಿಯ ಜೊತೆ ಶಾಲೆಗೆ ಹೋಗುತ್ತಾಳೆ. ನೀವು ಹೇಳಿಕೆ ಕೊಟ್ಟಿರಿ. ಅವನನ್ನು ಬಂಧಿಸಿದರು. ಮುಂದೆ ವಿಚಾರಣೆಗೆ ಮೊದಲು ನಿಮ್ಮ ಹೆಸರು ಆರೋಪಿಯ ವಕೀಲರಿಗೆ ಹೋಗುತ್ತದೆ. ಹೋಗಲೇಬೇಕು, ಯಾಕೆಂದರೆ ತನ್ನ ವಿರುದ್ಧ ಹೇಳುವವರನ್ನು ಎದುರಿಗೆ ನಿಲ್ಲಿಸಿ ಪ್ರಶ್ನಿಸುವ ಹಕ್ಕನ್ನು ಅಮೆರಿಕದ ಸಂವಿಧಾನವೇ ಆರೋಪಿಗೆ ಕೊಟ್ಟಿದೆ. ವಿಚಾರಣೆ ನಾಳೆಯೇ ಆಗುವುದಿಲ್ಲ. ಹದಿಯಾ ಪ್ರಕರಣದಲ್ಲಿ, ಇಡೀ ದೇಶ ನೋಡುತ್ತಿದ್ದರೂ, ಬಂಧನದಿಂದ ತೀರ್ಪಿಗೆ ಐದು ವರ್ಷ ಮೀರಿತು. ಅಷ್ಟು ವರ್ಷ ನೀವು ಅದೇ ಮನೆಯಲ್ಲಿ, ಅದೇ ಬಸ್ ಸ್ಟಾಪಿನಲ್ಲಿ ಇರಬೇಕು. ಅವನ ಗೆಳೆಯರು ಹೊರಗೇ ಇದ್ದಾರೆ.

ಸಾಕ್ಷಿಗಳಿಗೆ ರಕ್ಷಣೆ ಇಲ್ವಾ ಅಂದರೆ, ಟಿವಿಯಲ್ಲಿ ತೋರಿಸುವ ಹೊಸ ಹೆಸರು, ಹೊಸ ಊರು ಎಲ್ಲ ಫೆಡರಲ್ ಸರ್ಕಾರದ್ದು. ಬೀದಿ ಕೊಲೆ ರಾಜ್ಯದ ಕೇಸು. ಗ್ಯಾಂಗ್ ಕೇಸಿನ ಸಾಕ್ಷಿಗಳಿಗೆ ಅಂತಲೇ ಶಿಕಾಗೋ ಇರುವ ಇಲಿನಾಯ್ ರಾಜ್ಯ 2013ರಲ್ಲಿ ಕಾನೂನು ಮಾಡಿತು. ಅದಕ್ಕೆ ದುಡ್ಡು ಇಡಲು ಮಾತ್ರ ವರ್ಷಾನುಗಟ್ಟಲೆ ಮರೆತಿತ್ತು.

ಇದರ ಮೇಲೆ ಪೊಲೀಸರ ಮೇಲಿನ ಅಪನಂಬಿಕೆ. ಅದು ಗಾಳಿಯಲ್ಲಿ ಹುಟ್ಟಿದ್ದಲ್ಲ. 1972ರಿಂದ 1991ರವರೆಗೆ ಜಾನ್ ಬರ್ಜ್ ಅನ್ನುವ ಪೊಲೀಸ್ ಅಧಿಕಾರಿ ಮತ್ತು ಅವನ ಕೈಕೆಳಗಿನವರು ಶಿಕಾಗೋದಲ್ಲಿ ನೂರಕ್ಕೂ ಹೆಚ್ಚು ಜನರಿಗೆ, ಹೆಚ್ಚಾಗಿ ಕಪ್ಪು ಗಂಡಸರಿಗೆ, ಚಿತ್ರಹಿಂಸೆ ಕೊಟ್ಟು ತಪ್ಪೊಪ್ಪಿಗೆ ಬರೆಸಿಕೊಂಡರು. ಕರೆಂಟ್ ಶಾಕ್, ತಲೆಗೆ ಪ್ಲಾಸ್ಟಿಕ್ ಚೀಲ. 2015ರಲ್ಲಿ ನಗರ ಪಾಲಿಕೆ ಕ್ಷಮೆ ಕೇಳಿ 55 ಲಕ್ಷ ಡಾಲರ್ ಪರಿಹಾರ ನಿಧಿ ಇಟ್ಟಿತು. ಇನ್ನು ಲಕ್ವಾನ್ ಮೆಕ್‌ಡೊನಾಲ್ಡ್. 17 ವರ್ಷದ ಈ ಹುಡುಗನಿಗೆ 2014ರ ಅಕ್ಟೋಬರಿನಲ್ಲಿ ಒಬ್ಬ ಪೊಲೀಸ್ 16 ಗುಂಡು ಹೊಡೆದ. ವಿಡಿಯೋ ಜನರಿಗೆ ನೋಡಲು ಸಿಗಲು ಹದಿಮೂರು ತಿಂಗಳು ಬೇಕಾಯಿತು, ಅದೂ ಕೋರ್ಟು ಹೇಳಿದ ಮೇಲೆ. ಅಲ್ಲಿಯವರೆಗೆ ಪೊಲೀಸರ ವರದಿಯೇ ಬೇರೆ ಕಥೆ ಹೇಳುತ್ತಿತ್ತು. ಇಂಥದ್ದನ್ನು ನೋಡಿದ ಅಜ್ಜಿ ಡಿಟೆಕ್ಟಿವ್‌ಗೆ ಬಾಗಿಲು ತೆಗೆಯದಿದ್ದರೆ ಅವಳನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ.

ಇದೊಂದು ಸುತ್ತು. ಕೇಸು ಬಗೆಹರಿಯಲ್ಲ ಅಂತ ಜನ ಮಾತಾಡಲ್ಲ, ಜನ ಮಾತಾಡಲ್ಲ ಅಂತ ಕೇಸು ಬಗೆಹರಿಯಲ್ಲ. ಮೊದಲು ಯಾರು ಬದಲಾಗಬೇಕು ಅಂತ ಕೇಳಿದರೆ ನನ್ನ ಉತ್ತರ ಪೊಲೀಸರು ಅಂತಲೇ. ಸಂಬಳ, ಬಂದೂಕು, ಕಾನೂನು ಮೂರೂ ಇರುವುದು ಅವರ ಹತ್ತಿರ.

ಕ್ಯಾಮೆರಾ, ಮೊಬೈಲ್, ಲ್ಯಾಬ್ ಇಷ್ಟೆಲ್ಲ ಇದ್ದೂ ಸಾಕ್ಷಿ ಬೇಕಾ?

ಬೇಕು. ಕ್ಯಾಮೆರಾದಲ್ಲಿ ಸಿಗುವುದು ಸಾಮಾನ್ಯವಾಗಿ ಇಷ್ಟು: ಒಂದು ಕಾರು ಬಂತು, ಟೋಪಿ ಮತ್ತು ಮಾಸ್ಕ್ ಹಾಕಿದ ಇಬ್ಬರು ಇಳಿದರು, ಓಡಿ ಹತ್ತಿದರು, ಕಾರು ಹೋಯಿತು. ಕಾರು ಕದ್ದದ್ದು. ಮರುದಿನ ಯಾವುದೋ ಸಂದಿಯಲ್ಲಿ ಸುಟ್ಟು ಬಿದ್ದಿರುತ್ತದೆ.

ಕಾಟ್ರಿಜ್ ಸ್ವಲ್ಪ ಜಾಸ್ತಿ ಹೇಳುತ್ತದೆ. ಪ್ರತಿ ಬಂದೂಕೂ ತಾನು ಹಾರಿಸಿದ ಕಾಟ್ರಿಜ್ ಮೇಲೆ ತನ್ನದೇ ಗೀರು ಬಿಡುತ್ತದೆ. ಎಟಿಎಫ್ ಅನ್ನುವ ಫೆಡರಲ್ ಸಂಸ್ಥೆ ನಡೆಸುವ ರಾಷ್ಟ್ರೀಯ ಜಾಲಕ್ಕೆ ಆ ಗೀರುಗಳ ಚಿತ್ರ ಸೇರಿಸಿದರೆ, ಇದೇ ಬಂದೂಕು ಮೊನ್ನೆ ಆ ಬೀದಿಯಲ್ಲೂ ಹಾರಿತ್ತು ಅಂತ ಗೊತ್ತಾಗುತ್ತದೆ. ಒಳ್ಳೆಯ ಸುಳಿವು. ಆದರೆ ಅದು ಬಂದೂಕನ್ನು ಹಿಡಿಯುತ್ತದೆ, ಕೈಯನ್ನಲ್ಲ. ಒಂದೇ ಪಿಸ್ತೂಲು ಇಡೀ ಗುಂಪಿನಲ್ಲಿ ಓಡಾಡುತ್ತಿರುತ್ತದೆ. ಬಚ್ಚಿಟ್ಟ ಜಾಗ ಎಲ್ಲರಿಗೂ ಗೊತ್ತು, ಬೇಕಾದವನು ತಗೊಂಡು ಹೋಗುತ್ತಾನೆ. ಆಮೇಲೆ ಮಾರಿಬಿಡುತ್ತಾರೆ. ಆರು ತಿಂಗಳಾದ ಮೇಲೆ ಅದು ಇನ್ನೊಬ್ಬನ ಸೊಂಟದಲ್ಲಿ ಸಿಕ್ಕರೆ, ಆ ರಾತ್ರಿ ಹೊಡೆದವನು ಇವನೇ ಅಂತ ಹೇಗೆ ಹೇಳುವುದು?

ಬಂದೂಕು ಬರುವುದೆಲ್ಲಿಂದ ಅಂತ ಕೇಳುವವರಿಗೆ: ಶಿಕಾಗೋದಲ್ಲಿ ವಶಪಡಿಸಿಕೊಂಡ ಬಂದೂಕುಗಳ ಜಾಡು ಹಿಡಿದ ನಗರದ 2017ರ ವರದಿ ಪ್ರಕಾರ ಸುಮಾರು 60 ಶೇಕಡಾ ಬೇರೆ ರಾಜ್ಯಗಳಲ್ಲಿ ಮೊದಲು ಮಾರಾಟವಾದವು. ಪಕ್ಕದ ಇಂಡಿಯಾನಾದ್ದೇ ಐದರಲ್ಲಿ ಒಂದು. ಶಿಕಾಗೋದ ಕಾನೂನು ಎಷ್ಟು ಬಿಗಿಯಾದರೂ ಗಡಿ ದಾಟಲು ಕಾರಿನಲ್ಲಿ ಅರ್ಧ ಗಂಟೆ ಸಾಕು.

ಗುಂಡಿನ ಸದ್ದು ಕೇಳಿ ಜಾಗ ಹೇಳುವ ಶಾಟ್‌ಸ್ಪಾಟರ್ ಅನ್ನುವ ಮೈಕುಗಳೂ ಇದ್ದವು. ಅದರಿಂದ ಪೊಲೀಸರು ಬೇಗ ಬರುತ್ತಾರೆ ಅಂತ ಕೆಲವರು, ದುಡ್ಡು ದಂಡ ಅಂತ ಇನ್ನು ಕೆಲವರು. ಮೇಯರ್ ಬ್ರ್ಯಾಂಡನ್ ಜಾನ್ಸನ್ 2024ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿಬಿಟ್ಟರು.

ಪೊಲೀಸರಿಗೆ ಯಾರು ಅಂತ ಗೊತ್ತಿದ್ರೆ ಬಂಧಿಸೋಕೆ ಏನು ಕಷ್ಟ?

ಬಂಧಿಸಬಹುದು. ಆದರೆ ಕೊಲೆ ಆರೋಪ ಹೊರಿಸಲು ಅಲ್ಲಿ ಪೊಲೀಸರ ಸಹಿ ಸಾಲದು. ಶಿಕಾಗೋ ಸೇರಿರುವ ಕುಕ್ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಸರ್ಕಾರಿ ವಕೀಲರ ಕಚೇರಿಯಲ್ಲಿ ಇದಕ್ಕೇ ಒಂದು ವಿಭಾಗ ಇದೆ. ಅವರು ಬಂದು ಕಡತ ನೋಡಿ, ಸಾಕ್ಷಿಯ ಜೊತೆ ತಾವೇ ಮಾತಾಡಿ, ಇದು ಕೋರ್ಟಿನಲ್ಲಿ ನಿಲ್ಲುತ್ತೆ ಅನ್ನಿಸಿದರೆ ಮಾತ್ರ ಒಪ್ಪುತ್ತಾರೆ. ಒಬ್ಬನೇ ಸಾಕ್ಷಿ, ಅವನ ಮೇಲೂ ಹಳೆಯ ಕೇಸು ಇದೆ ಅಂದರೆ ಬೇಡ ಅನ್ನುವ ಸಾಧ್ಯತೆ ಜಾಸ್ತಿ. ಡಿಟೆಕ್ಟಿವ್‌ಗಳು ಇದಕ್ಕೆ ಗೊಣಗುತ್ತಾರೆ. ಆದರೆ ತಪ್ಪು ಮನುಷ್ಯನನ್ನು ಇಪ್ಪತ್ತು ವರ್ಷ ಒಳಗೆ ಹಾಕಿ ಆಮೇಲೆ ಕೋಟಿಗಟ್ಟಲೆ ಪರಿಹಾರ ಕೊಟ್ಟ ಊರು ಅದು. ಈ ತಡೆ ಇರಬೇಕು ಅಂತಲೇ ನನ್ನ ಅಭಿಪ್ರಾಯ.

ಸಾಕ್ಷಿಗಳು ಕೋರ್ಟಿನಲ್ಲಿ ಉಲ್ಟಾ ಹೊಡೆಯುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದರೆ ಅದೂ ತಪ್ಪು. ಅಲ್ಲೂ ‘ನನಗೆ ನೆನಪಿಲ್ಲ’ ಅನ್ನುತ್ತಾರೆ. ಅದಕ್ಕೇ ಸರ್ಕಾರಿ ವಕೀಲರು ಮೊದಲೇ ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬಹುದಾ ಅಂತ ತೀರ್ಮಾನಿಸುವ ಸಾಮಾನ್ಯ ಜನರ ಮಂಡಳಿ) ಮುಂದೆ ಪ್ರಮಾಣ ಮಾಡಿಸಿ ಹೇಳಿಕೆ ತೆಗೆದುಕೊಂಡಿಟ್ಟಿರುತ್ತಾರೆ. ಆಮೇಲೆ ಸಾಕ್ಷಿ ತಿರುಗಿಬಿದ್ದರೂ ಆ ಹಳೆಯ ಹೇಳಿಕೆಯನ್ನು ಸಾಕ್ಷ್ಯವಾಗಿ ಓದಲು ಇಲಿನಾಯ್ ಕಾನೂನು ಬಿಡುತ್ತದೆ.

‘ಬಗೆಹರಿದ ಕೇಸು’ ಅಂದರೆ ಅಪರಾಧಿಗೆ ಶಿಕ್ಷೆ ಆಯ್ತು ಅಂತ ತಾನೇ?

ಅಲ್ಲ. ಇಲ್ಲಿ ಸ್ವಲ್ಪ ಹುಷಾರಾಗಿ ಓದಬೇಕು. ಆರೋಪ ಹೊರಿಸಿದರೆ ಸಾಕು, ಅದು ಬಗೆಹರಿದ ಲೆಕ್ಕ. ನಾಳೆ ಕೋರ್ಟು ಬಿಟ್ಟುಕಳಿಸಿದರೂ ಲೆಕ್ಕ ಬದಲಾಗಲ್ಲ. ಇನ್ನೊಂದು ದಾರಿಯೂ ಇದೆ. ಇವನೇ ಹೊಡೆದದ್ದು ಅಂತ ಪೊಲೀಸರಿಗೆ ಖಚಿತ, ಆದರೆ ಅವನು ಸತ್ತಿದ್ದಾನೆ, ಇಲ್ಲವೇ ಸರ್ಕಾರಿ ವಕೀಲರು ಆರೋಪ ಒಪ್ಪಲಿಲ್ಲ. ಆಗ ‘ವಿಶೇಷ ಸಂದರ್ಭ’ ಅಂತ ಕೇಸು ಬಗೆಹರಿದ ಪಟ್ಟಿಗೆ ಹೋಗುತ್ತದೆ. ಯಾರನ್ನೂ ಬಂಧಿಸಿರುವುದಿಲ್ಲ. ಪತ್ರಿಕೆಯಲ್ಲಿ ಶೇಕಡಾವಾರು ಏರಿತು ಅಂತ ಬಂದಾಗ ಇದು ನೆನಪಿರಲಿ.

ಸುಳಿವೇ ಇಲ್ಲದ ಕೇಸಿಗೆ ಅಲ್ಲಿ ‘ಅಮಾನತು’ ಅಂತ ಮುದ್ರೆ. ನಮ್ಮ ಕರ್ನಾಟಕದಲ್ಲಿ ಸುಳ್ಳು ದೂರಾದರೆ ಬಿ ರಿಪೋರ್ಟ್, ಆರೋಪಿ ಪತ್ತೆಯಾಗದಿದ್ದರೆ ಸಿ ರಿಪೋರ್ಟ್ ಅಂತ ಕೋರ್ಟಿಗೆ ಸಲ್ಲಿಸುತ್ತಾರಲ್ಲ, ಆ ಸಿ ರಿಪೋರ್ಟಿಗೆ ಇದು ಹತ್ತಿರ. ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ದೂರುದಾರರಿಗೆ ತಿಳಿಸಬೇಕು, ಕೋರ್ಟಿನಲ್ಲಿ ತಕರಾರು ಹಾಕಬಹುದು. ಅಲ್ಲಿ ಅದು ಇಲಾಖೆಯೊಳಗಿನ ಮುದ್ರೆ. ಡಿಟೆಕ್ಟಿವ್ ಫೋನ್ ಎತ್ತುವುದು ನಿಲ್ಲಿಸಿದಾಗಲೇ ಮನೆಯವರಿಗೆ ಗೊತ್ತಾಗುವುದು.

ಹಾಗಾದ್ರೆ ಕೆಲವು ಕೇಸು ಮಾತ್ರ ಬೇಗ ಹೇಗೆ ಬಗೆಹರಿಯುತ್ತವೆ?

2007ರ ಮೇನಲ್ಲಿ ಬ್ಲೇರ್ ಹೋಲ್ಟ್ ಅನ್ನುವ 16 ವರ್ಷದ ಹುಡುಗ ಶಾಲೆ ಬಿಟ್ಟು ಸಿಟಿ ಬಸ್ಸಿನಲ್ಲಿ ಹೋಗುತ್ತಿದ್ದ. ಇನ್ನೊಬ್ಬ ಹುಡುಗ ಬಸ್ ಹತ್ತಿ ವಿರೋಧಿ ಗುಂಪಿನವನಿಗೆ ಗುರಿಯಿಟ್ಟು ಗುಂಡು ಹಾರಿಸಿದ. ಪಕ್ಕದ ಹುಡುಗಿಯನ್ನು ಕಾಪಾಡಲು ಅಡ್ಡ ಬಂದ ಬ್ಲೇರ್ ಸತ್ತ. ಬಸ್ಸಿನಲ್ಲಿ ಕ್ಯಾಮೆರಾ ಇತ್ತು, ತುಂಬಾ ಮಕ್ಕಳಿದ್ದರು. ಹೊಡೆದವನು ಬೇಗ ಸಿಕ್ಕ. ಬ್ಲೇರ್ ತಂದೆ ಪೊಲೀಸ್ ಅಧಿಕಾರಿ ಅನ್ನುವುದನ್ನೂ ಹೇಳಬೇಕು. ಹದಿಯಾ ಕೇಸಿನಲ್ಲಿ ಎರಡು ವಾರದೊಳಗೆ ಇಬ್ಬರ ಬಂಧನವಾಯಿತು. ಅವಳ ಅಂತ್ಯಸಂಸ್ಕಾರಕ್ಕೆ ಮಿಶೆಲ್ ಒಬಾಮ ಬಂದಿದ್ದರು.

ಹಾಗಂದರೆ ಡಿಟೆಕ್ಟಿವ್‌ಗಳಿಗೆ ಸಮಯ, ಜನ, ಲ್ಯಾಬು ಕೊಟ್ಟರೆ ಕೇಸು ಬಗೆಹರಿಯುತ್ತದೆ. ಕೊಡದಿದ್ದರೆ ಇಲ್ಲ. 2012ರಲ್ಲಿ ಶಿಕಾಗೋ ಖರ್ಚು ಉಳಿಸಲು ಡಿಟೆಕ್ಟಿವ್ ಕಚೇರಿಗಳನ್ನು ಐದರಿಂದ ಮೂರಕ್ಕೆ ಇಳಿಸಿತು. ಪಶ್ಚಿಮ ಭಾಗದಲ್ಲಿ, ಅತಿ ಹೆಚ್ಚು ಗುಂಡು ಹಾರುವ ಕಡೆ, ಒಂದೂ ಉಳಿಯಲಿಲ್ಲ. ಕೆಲವು ವರ್ಷ ಪೆಟ್ಟು ತಿಂದ ಮೇಲೆ ಮತ್ತೆ ಐದು ಮಾಡಿದರು.

ಹಿಡಿದ ಮೇಲೂ ಮುಗಿಯಿತು ಅನ್ನುವಂತಿಲ್ಲ. ‘ನಾನು ಮಾತಾಡಲ್ಲ’ ಅಂತ ಆರೋಪಿ ಹೇಳಿದ ಮೇಲೂ ಪ್ರಶ್ನಿಸುತ್ತಲೇ ಹೋದರು ಅನ್ನುವ ಕಾರಣಕ್ಕೆ ಹದಿಯಾ ಕೇಸಿನ ಒಬ್ಬನ ಶಿಕ್ಷೆಯನ್ನು 2023ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಮಾಡಿತು.

ಮನೆಯವರಿಗೆ ಏನಾದರೂ ನೆರವು ಸಿಗುತ್ತಾ?

ಸಿಗುತ್ತದೆ, ಅರ್ಜಿ ಹಾಕಿದರೆ. ಇಲಿನಾಯ್‌ನಲ್ಲಿ 1973ರ ಕಾನೂನಿನಡಿ ಅಪರಾಧಕ್ಕೆ ಬಲಿಯಾದವರ ಕುಟುಂಬಕ್ಕೆ ಪರಿಹಾರ ಇದೆ. 2022ರಲ್ಲಿ ಗರಿಷ್ಠ ಮೊತ್ತವನ್ನು 27,000ದಿಂದ 45,000 ಡಾಲರಿಗೆ ಏರಿಸಿದರು. ಆರೋಪಿ ಸಿಗಬೇಕು ಅಂತೇನಿಲ್ಲ. ಆದರೆ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಗೊತ್ತಿದ್ದವರು ಬಿಲ್ಲು, ರಸೀದಿ ಜೋಡಿಸುತ್ತಾ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಅಂತ್ಯಸಂಸ್ಕಾರದ ಸಾಲಕ್ಕೆ ಬಡ್ಡಿ ಬೆಳೆದಿರುತ್ತದೆ.

ಇಂಥ ಮನೆಯವರು ಒಂದು ನಂಬರ್ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಎರಡು ಅಕ್ಷರ, ಆರು ಅಂಕಿ, ಆರ್‌ಡಿ ನಂಬರ್ ಅನ್ನುತ್ತಾರೆ. ಪೊಲೀಸ್ ದಾಖಲೆಯಲ್ಲಿ ಆ ಕೇಸಿನ ಗುರುತು ಅದು. ಡಿಟೆಕ್ಟಿವ್ ವರ್ಗವಾಗಿ ಹೊಸಬ ಬಂದಾಗ, ಅವನೂ ನಿವೃತ್ತನಾದಾಗ, ತಾಯಂದಿರು ಫೋನ್ ಮಾಡಿ ಮೊದಲು ಹೇಳುವುದು ಮಗನ ಹೆಸರಲ್ಲ, ಆ ನಂಬರ್.

ಆಬರ್ನ್ ಗ್ರೆಷಮ್‌ನ ಸೇಂಟ್ ಸಬೀನಾ ಚರ್ಚಿನ ಪಾದ್ರಿ ಮೈಕಲ್ ಫ್ಲೆಗರ್ ಇಂಥ ಕೊಲೆಗಳಾದಾಗ ಸುಳಿವು ಕೊಟ್ಟವರಿಗೆ ಬಹುಮಾನ ಘೋಷಿಸುತ್ತಾ ಬಂದಿದ್ದಾರೆ. ಚರ್ಚಿನ ಹೊರಗೆ ಗುಂಡಿಗೆ ಸತ್ತ ಮಕ್ಕಳ ಫೋಟೋಗಳ ಗೋಡೆಯೇ ಇದೆ.

ಹೊಡೆದವನು ಸಿಗದಿದ್ದರೆ ಮುಂದೇನು? ಸೇಡು?

ಅದೇ ಭಯ. ಕೋರ್ಟಿನಲ್ಲಿ ಏನೂ ಆಗಲ್ಲ ಅಂತ ಗೊತ್ತಾದಾಗ ಸತ್ತವನ ಗೆಳೆಯರು ತಾವೇ ಲೆಕ್ಕ ಚುಕ್ತಾ ಮಾಡಲು ಹೊರಡುತ್ತಾರೆ. ಅದನ್ನು ತಡೆಯಲೆಂದೇ ಗ್ಯಾರಿ ಸ್ಲಟ್ಕಿನ್ ಅನ್ನುವ ವೈದ್ಯರು 2000ದಲ್ಲಿ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್‌ನಲ್ಲಿ ಸೀಸ್‌ಫೈರ್ ಅನ್ನುವ ಕಾರ್ಯಕ್ರಮ ಶುರುಮಾಡಿದರು. ಅವರು ಮೊದಲು ಆಫ್ರಿಕಾದಲ್ಲಿ ಸಾಂಕ್ರಾಮಿಕ ರೋಗಗಳ ವಿರುದ್ಧ ಕೆಲಸ ಮಾಡಿದವರು. ಹಿಂಸೆಯೂ ಹಾಗೇ ಒಬ್ಬರಿಂದ ಒಬ್ಬರಿಗೆ ಹರಡುತ್ತೆ ಅನ್ನುವುದು ಅವರ ವಾದ. ಕೆಲಸಕ್ಕೆ ಆರಿಸಿಕೊಂಡದ್ದು ಹಿಂದೆ ಗ್ಯಾಂಗಿನಲ್ಲಿದ್ದು ಜೈಲು ನೋಡಿ ಬಂದವರನ್ನು. ಅವರ ಮಾತನ್ನು ಹುಡುಗರು ಕೇಳುತ್ತಾರೆ. ಆಸ್ಪತ್ರೆಯ ಮಂಚದ ಪಕ್ಕ, ಸಮಾಧಿಯ ಹತ್ತಿರ ಹೋಗಿ ‘ಇವತ್ತು ರಾತ್ರಿ ಏನೂ ಮಾಡಬೇಡ, ನಾಳೆ ಮಾತಾಡೋಣ’ ಅನ್ನುವುದೇ ಅವರ ಕೆಲಸ. ಇವರು ಪೊಲೀಸರಿಗೆ ಹೆಸರು ಕೊಡುವುದಿಲ್ಲ. ಕೊಟ್ಟರೆ ಮರುದಿನ ಓಣಿಯಲ್ಲಿ ಯಾರೂ ಮಾತಾಡಿಸಲ್ಲ. ಪೊಲೀಸರಿಗೆ ಇದು ಇಷ್ಟ ಇಲ್ಲ, ಅರ್ಥ ಮಾಡಿಕೊಳ್ಳಬಹುದು.

ಹುಡುಗರ ಜೊತೆ ಶಾಲೆಯಲ್ಲೇ ವಾರಕ್ಕೊಮ್ಮೆ ಕೂತು ಸಿಟ್ಟು ಬಂದಾಗ ಒಂದು ಕ್ಷಣ ನಿಲ್ಲುವುದನ್ನು ಕಲಿಸುವ ‘ಬಿಕಮಿಂಗ್ ಎ ಮ್ಯಾನ್’ ಅನ್ನುವ ಕಾರ್ಯಕ್ರಮವೂ ಇದೆ. ಕಾರ್ಯಕ್ರಮ ನಡೆಯುತ್ತಿದ್ದಾಗ ಹಿಂಸೆಯ ಅಪರಾಧಗಳಿಗೆ ಹುಡುಗರ ಬಂಧನ ಅರ್ಧದಷ್ಟು ಕಡಿಮೆಯಾಯಿತು ಅಂತ ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಯನ ಹೇಳಿತು.

ಈಗ ಪರಿಸ್ಥಿತಿ ಹೇಗಿದೆ?

ಸುಧಾರಿಸಿದೆ. 2021ರಲ್ಲಿ ಸುಮಾರು 800 ಕೊಲೆ, 2024ರಲ್ಲಿ 573. ಕೊಲೆ ಕಡಿಮೆಯಾದರೆ ಒಬ್ಬ ಡಿಟೆಕ್ಟಿವ್ ಕೈಯಲ್ಲಿರುವ ಕಡತಗಳೂ ಕಡಿಮೆ, ಉಳಿದವನ್ನು ನೋಡಲು ಸಮಯ ಜಾಸ್ತಿ.

ನಮ್ಮ ಮಗಳು ಅಲ್ಲಿ ಓದೋಕೆ ಹೋಗ್ತಿದ್ದಾಳೆ. ಹೆದರಬೇಕಾ?

ಇಂಥ ಗುಂಪುಗಳ ಜಗಳ ಹೊರಗಿನ ವಿದ್ಯಾರ್ಥಿಗಳ ಮೇಲಲ್ಲ. ಅವಳಿಗೆ ಅದಕ್ಕಿಂತ ಹತ್ತಿರದ ಅಪಾಯ ಫೋನ್, ಪರ್ಸ್ ಕಿತ್ತುಕೊಳ್ಳುವ ದರೋಡೆ. ಕೇಳಿದರೆ ಕೊಟ್ಟುಬಿಡಲಿ, ಓಡಿಸಿಕೊಂಡು ಹೋಗುವುದು ಬೇಡ. ಮನೆ ಬಾಡಿಗೆಗೆ ಹಿಡಿಯುವ ಮುಂಚೆ ಅಲ್ಲಿ ಈಗಾಗಲೇ ಇರುವ ವಿದ್ಯಾರ್ಥಿಗಳನ್ನು ಬೀದಿಯ ಹೆಸರು ಹೇಳಿ ಕೇಳಲಿ. ತಡರಾತ್ರಿ ಕ್ಯಾಂಪಸ್ಸಿನ ವಾಹನ ಇದ್ದರೆ ಅದನ್ನೇ ಬಳಸಲಿ.

ಹತ್ತು ವರ್ಷ ಹಳೆಯ ಕೇಸು ಇನ್ನು ಬಗೆಹರಿಯುತ್ತಾ?

ಬಗೆಹರಿಯಬಹುದು. ಕೊಲೆಗೆ ಅಲ್ಲಿ ಕಾಲಮಿತಿ ಇಲ್ಲ, ಮೂವತ್ತು ವರ್ಷ ಆದ ಮೇಲೂ ಆರೋಪ ಹೊರಿಸಬಹುದು. ಬೀದಿ ಗುಂಡಿನ ಕೇಸುಗಳಲ್ಲಿ ಡಿಎನ್‌ಎಯಿಂದ ಪವಾಡ ಆಗುವುದು ಕಡಿಮೆ. ಹೊಡೆದವನು ದೂರದಿಂದ ಹೊಡೆದಿರುತ್ತಾನೆ, ಏನೂ ಮುಟ್ಟಿರುವುದಿಲ್ಲ. ಬದಲಾಗುವುದು ಮನುಷ್ಯರ ನಡುವಿನ ಸಂಬಂಧ. ಆವತ್ತು ಕಾರು ಓಡಿಸಿದವನು ಬೇರೆ ಕೇಸಿನಲ್ಲಿ ಸಿಕ್ಕಿ, ಶಿಕ್ಷೆ ಕಡಿಮೆ ಮಾಡಿದರೆ ಹೇಳುತ್ತೇನೆ ಅನ್ನುತ್ತಾನೆ. ಆಗ ಗೆಳತಿಯಾಗಿದ್ದವಳು ಈಗ ಬೇರೆ ಊರಿನಲ್ಲಿ ಮಕ್ಕಳ ತಾಯಿ, ಹೆದರಿಕೆ ಕಮ್ಮಿಯಾಗಿದೆ. ಕಿಟಕಿಯಿಂದ ನೋಡಿದ್ದ ಹೆಂಗಸು ಮನೆ ಬದಲಾಯಿಸಿದ್ದಾಳೆ. ಅದಕ್ಕೇ ಅನುಭವಿ ಡಿಟೆಕ್ಟಿವ್‌ಗಳು ಹಳೆಯ ಕಡತ ತೆಗೆದಾಗ ಮೊದಲು ನೋಡುವುದು, ಆಗ ‘ನಾನು ಏನೂ ನೋಡಿಲ್ಲ’ ಅಂದವರು ಈಗ ಎಲ್ಲಿದ್ದಾರೆ ಅನ್ನುವುದನ್ನು. ಮಾಹಿತಿ ಇರುವವರು ಹೆಸರು ಹೇಳದೆ ಶಿಕಾಗೋ ಪೊಲೀಸರ ಸಿಪಿಡಿ ಟಿಪ್ ಡಾಟ್ ಕಾಮ್‌ನಲ್ಲಿ ಬರೆಯಬಹುದು. ಆರ್‌ಡಿ ನಂಬರ್ ಗೊತ್ತಿದ್ದರೆ ಅದನ್ನೂ ಸೇರಿಸಿ. ಗೊತ್ತಿಲ್ಲದಿದ್ದರೆ ಬೀದಿ, ತಾರೀಖು ಸಾಕು.